ಸೋಪು ಹಾಕಿ ತೊಳೆದ ಮೊರ

ಹೊನ್ನಕ್ಕ ಮೊರ ಎತ್ತಿ ಬೆಳಕಿಗೆ ಹಿಡಿದಳು. ಹದಿನಾಲ್ಕು ವರ್ಷ ಅವಳ ಕೈಯಲ್ಲಿ ಪಳಗಿದ ಮೊರವನ್ನು ಈ ಸುಧಾ ಮೇಡಂ ಸೋಪು ಹಾಕಿ, ಬ್ರಷ್ಷಿನಿಂದ ಗಸಗಸ ಉಜ್ಜಿ ತಂದಿದ್ದಳು. ಬಿದಿರಿನ ಸಂದುಸಂದಿನಲ್ಲೂ ಬೆಳಕು ಕಾಣುತ್ತಿತ್ತು.

ದಾವಣಗೆರೆ ಸರಸ್ವತಿ ನಗರದ ಸುಧಾ ಹಳೆಯ ಮನೆಸಾಮಾನುಗಳನ್ನು ಜಲವರ್ಣದಲ್ಲಿ ಬರೆದು ಪುಸ್ತಕ ಮಾಡುತ್ತಿದ್ದಳು. ಒನಕೆ, ಸೇರು, ಕಡೆಗೋಲು ಮುಗಿದಿದ್ದವು. ಎರಡು ದಿನಕ್ಕೆಂದು ಗೋಗರೆದು ಮೊರ ಒಯ್ದವಳು ಹೊನ್ನಕ್ಕನ ಊರು ಹರಿಹರದ ಕಡೆ ಮತ್ತೆ ಮುಖ ಹಾಕಿದ್ದು ಎಂಟನೆಯ ದಿನ.

"ಒಂಥರಾ ವಾಸನೆ ಇತ್ತು ಹೊನ್ನಕ್ಕ, ಹೆಣಿಗೆ ಕಾಣ್ತಾನೇ ಇರ್ಲಿಲ್ಲ. ಮೇಲಿನ ಕೊಳೆ ಪೂರ್ತಿ ತೆಗೆದೆ," ಎಂದಳು ಸುಧಾ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಕೊಳೆಯಂತೆ ಕೊಳೆ! ಬಿದಿರಿನ ಸಂದು ಮುಚ್ಚಲು ಬಳಿದ ಆ ಮೆತ್ತಿಗೆ ಇದ್ದದ್ದಕ್ಕೇ ನವಣೆ ಸೋರದೆ ನಿಲ್ಲುತ್ತಿತ್ತು. ಬಸವಣ್ಣೆಮ್ಮನ ಖಾನಾವಳಿಗೆ ನವಣೆ ಹಸನು ಮಾಡಿಕೊಡುವುದೇ ಹೊನ್ನಕ್ಕನ ಕೆಲಸ. ಎಂಟು ದಿನದಿಂದ ಎರವಲು ಮೊರದಲ್ಲಿ ಕೇರಿ, ಊಟದವರ ಹಲ್ಲಿಗೆ ಎರಡು ಸಲ ಕಲ್ಲು ಸಿಕ್ಕಿತ್ತು. ಮೂರನೆಯ ಸಲ ಸಿಕ್ಕರೆ ಅಂಗಡಿಯ ಪಾಕೀಟು ತರಿಸುತ್ತೇನೆ ಎಂದು ಬಸವಣ್ಣೆಮ್ಮ ಖಡಾಖಂಡಿತ ಹೇಳಿದ್ದಳು. ಸೋಮವಾರಕ್ಕೆ ಹೊಸ ಚೀಲ ಬರುವುದಿತ್ತು.

ಹೊನ್ನಕ್ಕ ಈ ಮೊರಕ್ಕೆ ಬೊಗಸೆ ನವಣೆ ಹಾಕಿ ಕೇರಿದಳು. ಅರ್ಧಕ್ಕರ್ಧ ಸುಧಾಳ ಪಾದದ ಮೇಲೆ ಸುರಿಯಿತು.

"ಹೋಗ್ಲಿ ಬಿಡ್ರಿ, ಇನ್ನು ಗೋಡೆಗೆ ಹಾಕಿದ್ರೆ ಚೆಂದ ಕಾಣುತ್ತೆ," ಎಂದಳು ಸುಧಾ.

ಥೂ, ಅನ್ನ ಕೊಡುವ ಮೊರ ಇವಳಿಗೆ ಗೋಡೆಯ ಮೇಲಿನ ಗೊಂಬೆ. ಹೊನ್ನಕ್ಕನಿಗೆ ಅವಳ ಮುಖ ನೋಡುವುದಕ್ಕೂ ಹೇಸಿಗೆಯಾಯಿತು.

ಸುಧಾ ಚೀಲದಿಂದ ಚಿತ್ರ ತೆಗೆದಳು. "ಪುಸ್ತಕಕ್ಕೆ ಸ್ಕ್ಯಾನ್ ಆಯ್ತು. ಇದು ನಿಮಗೇ. ನಮ್ಮ ಪರಂಪರೆ ಉಳೀಬೇಕು ಹೊನ್ನಕ್ಕ."

ಹಳದಿ ಮೊರ, ಒಂದೊಂದು ಎಳೆಯೂ ಎಣಿಸುವ ಹಾಗೆ. ಅದರಲ್ಲಿ ಯಾರೂ ಒಂದು ಕಾಳೂ ಕೇರಿದಂತಿರಲಿಲ್ಲ. ಹೊನ್ನಕ್ಕ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಕಾಗದ ದಪ್ಪ ಐತೆ."

"ಹತ್ತಿ ಕಾಗದ. ನೂರು ವರ್ಷ ಬರುತ್ತೆ."

"ನನಗೇ ಕೊಟ್ರಾ?"

"ನಿಮಗೇ ರೀ."

ಹೊನ್ನಕ್ಕ ಚಿತ್ರವನ್ನು ಪರಪರ ಹರಿದಳು. ಚೂರುಗಳನ್ನು ಬಕೀಟಿನ ನೀರಿಗೆ ಹಾಕಿ, ಮೇಲೊಂದು ಹಿಡಿ ಮೆಂತ್ಯ ಎರಚಿ, ಅಂಗೈಯಿಂದ ಅದುಮಿದಳು. ನೀರು ಹಳದಿಯಾಯಿತು. ಸುಧಾ ಬಾಯಿಗೆ ಕೈ ಅಡ್ಡ ಇಟ್ಟು ನಿಂತಳು.

"ಕಾಗದ, ಮೆಂತ್ಯ ನೆನೆಸಿ ರುಬ್ಬಿ ಮೊರಕ್ಕೆ ಮೆತ್ತೋದು ಮೇಡಂ. ನೀವು ತೊಳ್ದಿದ್ದು ಇದನ್ನೇ," ಎಂದು ಹೊನ್ನಕ್ಕ ಕೈ ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ಬರ್ರಿ. ರುಬ್ಬೋರು ನೀವೇ."