ಕೆಂಪಿಯ ದವಡೆ

ಮುತ್ತಿನಕೊಪ್ಪದ ಸೀತಕ್ಕ ಗದ್ದೆಯ ಕೆಳಮೂಲೆಯಲ್ಲಿ ಹೊಂಡ ತೋಡಿಸುತ್ತಿದ್ದಾಗ ಜೆಸಿಬಿಯ ಬಕೆಟ್ಟಿಗೆ ದನದ ದವಡೆಯೊಂದು ಸಿಕ್ಕಿತು. ಕಪ್ಪು ಜೇಡಿಮಣ್ಣಿನ ಆಳದಲ್ಲಿ ಹೂತಿದ್ದರೂ ಹಲ್ಲುಗಳು ಗಟ್ಟಿಯಾಗಿದ್ದವು. ಡ್ರೈವರ್ ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದ. ಅದು ಹೇಗೋ ಶ್ರೀವಾಣಿಯ ಫೋನಿಗೂ ತಲುಪಿತು. ಶೃಂಗೇರಿಯ ಈ ಹುಡುಗಿ ಸಂಶೋಧನೆಗೆಂದು ಮಲೆನಾಡು ಗಿಡ್ಡ ದನಗಳ ವಂಶದ ಮೂಲ ಹುಡುಕುತ್ತ, ಕೊಪ್ಪದ ಹಳ್ಳಿಗಳಲ್ಲಿ ದನದ ಬಾಲದ ಕೂದಲು ಸಂಗ್ರಹಿಸಿಕೊಂಡು ತಿರುಗುತ್ತಿದ್ದಳು. ನಾಳೆ ಬಂದು ದವಡೆ ನೋಡುತ್ತೇನೆ ಎಂದು ಸೀತಕ್ಕನಿಗೆ ಫೋನ್ ಮಾಡಿದಳು.

ಸುದ್ದಿ ಕೇಳಿದ್ದೇ ಮೈದುನ ಸೋಮನಾಥ್ ಓಡಿಬಂದ. "ಅತ್ತಿಗೆ, ಇದು ಬರೀ ಮೂಳೆ ವಿಷಯ ಅಲ್ಲ. ಮೊದ್ಲು ನೋಡ್ಕಂಡು ಹೋಗ್ತಾರೆ, ಆಮೇಲೆ ಸರ್ಕಾರದ ಬೋರ್ಡ್ ನೆಡ್ತಾರೆ. ಕಡೆಗೆ ನಮ್ಮ ಗದ್ದೆಗೆ ನಾವೇ ಇಳಿಯಂಗಿಲ್ಲ."

"ದನದ ಮೂಳೆಗೆ ಬೋರ್ಡ್ ಎಂತಕ್ಕೆ ಮಾರಾಯ?"

"ಬರೀ ದನದ ಮೂಳೆಗೆ ಅಷ್ಟು ದೂರದಿಂದ ಯಾರು ಬರ್ತಾರೆ, ನೀವೇ ಹೇಳಿ."

ಆ ಮಾತು ಸೀತಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಅವಳು ದವಡೆಯನ್ನು ಅಟ್ಟದ ಹುಲ್ಲಿನೊಳಗೆ ಅಡಗಿಸಿ, ಹಾರೆ ಹಿಡಿದು ಹಲಸಿನ ಮರದ ಬುಡಕ್ಕೆ ಹೋದಳು. ಕೆಲವು ವರ್ಷದ ಹಿಂದೆ ಸತ್ತ ಕೆಂಪಿ ಎಂಬ ಹಸುವನ್ನು ಅಲ್ಲೇ ಮಣ್ಣು ಮಾಡಿದ್ದರು. "ತಪ್ಪು ತಿಳ್ಕಬೇಡ ಮಾರಾಯ್ತಿ, ಗದ್ದೆ ಉಳೀಬೇಕಲ್ಲ" ಎಂದು ಕೆಂಪಿಯ ದವಡೆ ಎತ್ತಿ, ಹೊಂಡದ ಕಪ್ಪು ಜೇಡಿಯನ್ನು ಮೆತ್ತಿದಳು.

ಮರುದಿನ ಶ್ರೀವಾಣಿ ಆ ದವಡೆಯನ್ನು ಕೈಯಲ್ಲಿ ತೂಗಿದಳು, ತಿರುಗಿಸಿದಳು, ಫೋನಿನಲ್ಲಿದ್ದ ಫೋಟೋ ನೋಡಿದಳು. ಅವಳಿಗೆ ಏನೋ ಸಂಶಯ ಬಂದಂತಿತ್ತು.

"ಸಿಕ್ಕಿದ್ದು ಇದೇನಾ ಸೀತಕ್ಕ?"

"ಮತ್ತೆಂತ, ನಾ ಸುಳ್ಳು ಹೇಳ್ತೀನಾ?"

ಹುಡುಗಿ ದವಡೆಯನ್ನು ಚೀಲಕ್ಕೆ ಹಾಕಿಕೊಂಡಳು. ಕೊಟ್ಟಿಗೆಯಲ್ಲಿದ್ದ ಚಂದ್ರಿ ಎಂಬ ಹಸುವಿನ ಬಾಲದಿಂದ ಕೂದಲು ಕಿತ್ತುಕೊಳ್ಳಲೇ ಎಂದಳು. ಕೂದಲಲ್ಲವೇ, ಹೋದರೆ ಹೋಗಲಿ ಎಂದು ಸೀತಕ್ಕ ಒಪ್ಪಿದಳು.

ಮಳೆಗಾಲ ಹತ್ತಿರವಾದಾಗ ಶ್ರೀವಾಣಿ ಮತ್ತೆ ಬಂದಳು. ಬಟ್ಟೆಯಲ್ಲಿ ಸುತ್ತಿದ್ದ ದವಡೆಯನ್ನು ಜಗಲಿಯ ಮೇಲಿಟ್ಟು ಕೂತಳು.

"ಸೀತಕ್ಕ, ಇದು ಚಂದ್ರಿಯ ಅಮ್ಮ."

ಸೀತಕ್ಕ ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೆಯೇ ಹಿಡಿದು ನಿಂತಳು. "ಯಾರು ಹೇಳಿದ್ದು? ಸೋಮನಾಥನಾ?"

"ಯಾರೂ ಹೇಳಿಲ್ಲ. ಈ ಹಲ್ಲಿನ ಪುಡಿಯ ಡಿಎನ್‌ಎ, ಚಂದ್ರಿಯ ಕೂದಲಿನ ಡಿಎನ್‌ಎ ಹೋಲಿಸಿ ನೋಡಿದೆವು. ಚಂದ್ರಿಗೆ ಬಂದದ್ದರಲ್ಲಿ ಅರ್ಧ ಪೂರಾ ಇದರದ್ದೇ. ತಾಯಿ ಮಗಳಲ್ಲದೆ ಹಾಗೆ ಹೊಂದೋದಿಲ್ಲ."

ಸೀತಕ್ಕ ಮೆಲ್ಲಗೆ ಕೂತು ಬಟ್ಟೆ ಬಿಚ್ಚಿದಳು. ಕರು ಹಾಕಿದ ದಿನ ಕೆಂಪಿ ಯಾರನ್ನೂ ಹತ್ತಿರ ಬಿಡದೆ ಚಂದ್ರಿಯನ್ನು ನೆಕ್ಕುತ್ತ ನಿಂತಿದ್ದು ನೆನಪಾಯಿತು. ಮರುಕ್ಷಣವೇ ಹೆದರಿಕೆಯೂ ಆಯಿತು.

"ಒಂದು ಹಲ್ಲಿಂದ ಇಷ್ಟು ಗೊತ್ತಾಗ್ತದೆ ಅಂದ್ರೆ, ನಮ್ಮ ಬಗ್ಗೆ ಇನ್ನೂ ಎಂತೆಂತ ಗೊತ್ತಾಗ್ತದೆ ನಿಮಗೆ?"

"ನಿಮ್ಮ ಬಗ್ಗೆ ಏನೂ ಇಲ್ಲ. ದನ ಎಲ್ಲಿಂದ ಬಂತು, ಯಾರ ಜೊತೆ ಬಂತು, ಅಷ್ಟೇ. ನಮ್ಮ ಮಳೆಗೆ, ಈ ಮಣ್ಣಿಗೆ ಹಳೇ ಮೂಳೆ ಉಳಿಯೋದೇ ಅಪರೂಪ. ಅದಕ್ಕೇ ಓಡಿ ಬಂದೆ. ನಿಮ್ಮ ಗದ್ದೆಯ ಹೆಸರು ಎಲ್ಲೂ ಬರೆಯೋದಿಲ್ಲ."

ಸೀತಕ್ಕ ಅಟ್ಟ ಹತ್ತಿ ಹೊಂಡದಲ್ಲಿ ಸಿಕ್ಕಿದ್ದ ಹಳೆಯ ದವಡೆ ತಂದಳು. "ಒಂದೇ ಹಲ್ಲು. ನನ್ನೆದುರಿಗೇ ಕೀಳಬೇಕು. ದವಡೆ ಈ ಮನೆ ಬಿಟ್ಟು ಹೋಗಂಗಿಲ್ಲ." ಶ್ರೀವಾಣಿ ಹಾಗೇ ಮಾಡಿದಳು. ಅವಳು ಹೋದ ಮೇಲೆ ಸೀತಕ್ಕ ಕೆಂಪಿಯನ್ನು ಮತ್ತೆ ಹಲಸಿನ ಬುಡದಲ್ಲಿ ಮಣ್ಣು ಮಾಡಿದಳು.

ದೀಪಾವಳಿ ಕಳೆದ ಮೇಲೆ ಫೋನ್ ಬಂತು. ಹಲ್ಲು ಸಾವಿರ ವರ್ಷಕ್ಕೂ ಹಳೆಯದು, ಡಿಎನ್‌ಎ ಬಹುಪಾಲು ಹಾಳಾಗಿದೆ. ಉಳಿದ ಚೂರುಪಾರಿನಿಂದ ಅದು ಬೆನ್ನ ಮೇಲೆ ಹಿಣಿಲಿರುವ ನಮ್ಮ ದೇಶದ ದನ ಎಂದಷ್ಟೇ ತಿಳಿಯಿತು.

"ನಮ್ಮ ಕೆಂಪಿಗೆ ಅದು ಅಜ್ಜಿಯೋ ಮುತ್ತಜ್ಜಿಯೋ ಆಗ್ಬೇಕಾ?"

"ಅದು ಹೇಳೋಕೆ ಆಗಲ್ಲ ಸೀತಕ್ಕ."

"ಆಗಲ್ವೋ, ಹೇಳಲ್ವೋ?"

ಶ್ರೀವಾಣಿ ನಕ್ಕಳು. ಸುತ್ತಲಿನ ಮನೆಗಳ ದನಗಳ ಕೂದಲೂ ಬೇಕಿತ್ತು, ಯಾರೂ ಗೇಟು ತೆಗೆಯುತ್ತಿಲ್ಲ ಎಂದಳು. ಗದ್ದೆಗೆ ಅಷ್ಟರತನಕ ಯಾವ ಬೋರ್ಡೂ ಬಂದಿರಲಿಲ್ಲ. "ಇವತ್ತಲ್ಲ ನಾಳೆ ಬರ್ತದೆ, ನೋಡ್ತಿರಿ" ಎಂದು ಸೋಮನಾಥ್ ಮಾತ್ರ ಹೇಳುತ್ತಲೇ ಇದ್ದ.

ಮುಂದಿನ ವಾರ ಸೀತಕ್ಕ ತಾನೇ ಮುಂದಾಗಿ ಹುಡುಗಿಯನ್ನು ಮನೆಮನೆಗೆ ಕರೆದುಕೊಂಡು ಹೋದಳು. "ನಂಗೆ ಗೊತ್ತಿರೋ ಹುಡುಗಿ, ಹೆದರಬೇಡಿ" ಎಂದು ಎಲ್ಲರಿಗೂ ಹೇಳಿ ದನದ ಹಗ್ಗ ಹಿಡಿದು ನಿಂತಳು. ಆದರೆ ಶ್ರೀವಾಣಿ ಎಷ್ಟು ಕೂದಲು ಕೀಳುತ್ತಾಳೆ, ಚೀಲಕ್ಕೆ ಏನೇನು ಹಾಕುತ್ತಾಳೆ ಎಂಬುದರ ಮೇಲಿಂದ ಕಣ್ಣನ್ನು ಮಾತ್ರ ತೆಗೆಯಲಿಲ್ಲ.