ಗಾಳಿ ಬಾರದ ಕಣ

ಸವಣೂರಿನ ಬಯಲಿನಲ್ಲಿ ಆದದ್ದು ಆದ ಮೇಲೆ ತನುಜಾ ಯಾವುದಕ್ಕೂ ಒಮ್ಮೆಲೇ ಹೂಂ ಅನ್ನುವುದನ್ನು ಬಿಟ್ಟಿದ್ದಳು. ಚಹಾಕ್ಕೆ ಸಕ್ಕರೆ ಸಾಕೇ ಎಂದು ಯಾರಾದರೂ ಕೇಳಿದರೂ ಒಂದು ಗಳಿಗೆ ಕಪ್ಪು ನೋಡಿ ಉತ್ತರ ಕೊಡುತ್ತಿದ್ದಳು.

ಆದದ್ದು ಇಷ್ಟೇ. ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಎರಡು ವರ್ಷ ಪಟ್ಟುಹಿಡಿದು ಒಂದು ಪುಟ್ಟ ನೌಕೆ ಕಟ್ಟಿದ್ದರು. ಬೆಲ್ಲ ಕಾಸುವ ಸಣ್ಣ ಕೊಪ್ಪರಿಗೆಯನ್ನು ಬೋರಲು ಹಾಕಿದಂತಿತ್ತು ಅದು. ಮುಂದೊಂದು ದಿನ ರಾಕೆಟ್ಟಿನ ಮೇಲೇರಿ, ಹೊಟ್ಟೆಯಲ್ಲಿ ಒಂದು ಹಿಡಿ ಬೀಜ ಹೊತ್ತು ಬಾಹ್ಯಾಕಾಶಕ್ಕೆ ಹೋಗಿ ಬರಬೇಕಾದದ್ದು. ಅದಕ್ಕೂ ಮೊದಲು ಪ್ಯಾರಾಶೂಟ್ ಬಿಚ್ಚಿ ನೆಟ್ಟಗೆ ನೆಲಕ್ಕಿಳಿಯುತ್ತದೆ ಎಂದು ತೋರಿಸಬೇಕಿತ್ತು. ಹಗ್ಗ ಕಟ್ಟಿದ ದೊಡ್ಡ ಬಲೂನಿನಲ್ಲಿ ಮೇಲೆತ್ತಿ ಕೈಬಿಡುವ ಪರೀಕ್ಷೆ. ಅವಕಾಶ ಎರಡೇ ಸಲ.

ತನುಜಾ ಹಿರೇಕೆರೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಇಪ್ಪತ್ತು ವರ್ಷಗಳಿಂದ ದಿನವೂ ಮಳೆ, ಗಾಳಿ, ಬಿಸಿಲನ್ನು ಅಳೆದು ಬರೆದಿಡುವ ಹುಚ್ಚು ಅವಳಿಗೆ. ಅದನ್ನು ಕೇಳಿದ್ದ, ಆ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ನರಸಿಂಹ ಅವರು, ‘ನಮಗ ಹವಾಮಾನ ನೋಡಿ ಜಾಗಾ ಹೇಳೋರು ಬೇಕಾಗ್ಯಾರ’ ಎಂದು ಕರೆದಿದ್ದರು. ಮನುಷ್ಯರನ್ನು ಹೊತ್ತು ಮರಳುವ ದೊಡ್ಡ ನೌಕೆಗಳಿಗೂ ಕೊನೆಯ ಮಾತು ಗಾಳಿಯದ್ದೇ. ಹುಲ್ಲುಗಾವಲಿಗೆ ಇಳಿಯುವುದಿರಲಿ, ಸಮುದ್ರಕ್ಕೆ ಬೀಳುವುದಿರಲಿ, ಗಾಳಿ ಹೆಚ್ಚಾದರೆ ದಿನ ಬದಲಾಗುತ್ತದೆ, ಇಲ್ಲವೇ ಜಾಗ ಬದಲಾಗುತ್ತದೆ. ತನುಜಾಳಿಗೆ ಇದು ಗೊತ್ತಿತ್ತು. ಆದರೂ ಸವಣೂರಿನಲ್ಲಿ, ಗಾಳಿ ಏಳುತ್ತಿದ್ದಾಗಲೇ, ಹುಡುಗರೆಲ್ಲ ಮುಖ ನೋಡುತ್ತ ನಿಂತಾಗ ‘ಆತು, ಬಿಡ್ರಿ’ ಅಂದುಬಿಟ್ಟಿದ್ದಳು. ನೌಕೆ ನೆಲ ಮುಟ್ಟಿತು. ಆಮೇಲೆ ಪ್ಯಾರಾಶೂಟಿಗೆ ಗಾಳಿ ತುಂಬಿ, ಹಟದ ಹೋರಿ ಹಗ್ಗ ಎಳೆದಂತೆ ಅದನ್ನು ಇನ್ನೂರು ಹೆಜ್ಜೆ ದರದರ ಎಳೆದೊಯ್ದು ಬದುವಿಗೆ ಬಡಿಯಿತು. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಇನ್ನು ಉಳಿದದ್ದು ಒಂದೇ ಸಲ. ಅದೂ ತಪ್ಪಿದರೆ ನೌಕೆ ಕಾಲೇಜಿನ ಗಾಜಿನ ಕಪಾಟು ಸೇರುತ್ತಿತ್ತು.

ಹೊಸ ಜಾಗವನ್ನು ಕಂಪ್ಯೂಟರು ಉಪಗ್ರಹದ ಚಿತ್ರ ನೋಡಿ ಆರಿಸಿತು. ಶಿಗ್ಗಾವಿಯ ಕಡೆಯದು ಏರುಪೇರು ನೆಲ. ಹಾನಗಲ್ಲಿನದು ಭತ್ತದ ಗದ್ದೆ, ಬೆಳಗ್ಗೆ ಮಂಜು. ಕೊನೆಗೆ ಉಳಿದದ್ದು ಹಿರೇಕೆರೂರು ತಾಲ್ಲೂಕಿನ ಒಂದು ಬೋಳುದಿಬ್ಬ. ತನುಜಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಅದು ಅವಳದೇ ಊರು ಅಬಲೂರು. ಅವಳ ಕಾಕಾ ಗುತ್ತೆಪ್ಪನ ಹಳೆಯ ಕಣ.

ಆ ಭಾನುವಾರ ಅವಳು ತಮ್ಮನ ಮನೆಗೆ ಹೋದಾಗ ಅವ್ವ ವೀರವ್ವ ಕಟ್ಟೆಯ ಮೇಲೆ ಕೂತು ಅಲಸಂದಿ ಬಿಡಿಸುತ್ತಿದ್ದಳು. ತನುಜಾ ಫೋನು ತೋರಿಸಿದಳು.

“ಇದು ನಿಮ್ಮ ಕಾಕಾನ ಕಣ ಅಲ್ಲೇನ?”

“ಹೌದವ್ವ. ಇಲ್ಲೇ ಇಳಸೋದು. ಮಟ್ಟಸ ಐತಿ, ನೆಲಾ ಗಟ್ಟಿ ಐತಿ. ಒಂದು ಗಿಡಾ ಇಲ್ಲ, ಕರೆಂಟಿನ ತಂತಿ ಇಲ್ಲ.”

ವೀರವ್ವ ನಗತೊಡಗಿದಳು. ಮಡಿಲಿನ ಅಲಸಂದಿ ಕಾಯಿ ನೆಲಕ್ಕೆ ಬಿದ್ದವು.

“ಯಾಕ ನಗ್ತೀ?”

“ಗಿಡಾ ಯಾಕಿಲ್ಲ ಅಂತ ನಿಮ್ಮ ಕಂಪ್ಯೂಟರ ಕೇಳೇನು? ಗಾಳಿಗೆ ಅಡ್ಡ ಆಗಬಾರದಂತ ನಿಮ್ಮ ಮುತ್ಯಾ ಇದ್ದ ಬನ್ನಿಗಿಡಾ ಬಿಟ್ಟು ಎಲ್ಲಾ ಕಡಿಸಿದ್ದ. ಮುಂದ ಬನ್ನಿಗಿಡಾನೂ ಗಾಳಿಗೆ ಬಿತ್ತು. ಮೂರು ಸುಗ್ಗಿ ಹೊಲದ ತುಂಬ ಹೊಟ್ಟು ತೂರಿ ನೋಡಿ ಹಿಡದ ಜಾಗಾ ಅದು. ಈ ದಿನದಾಗ ಅಲ್ಲಿ ತಲಿ ಮ್ಯಾಲೆ ಸೆರಗ ನಿಂದರೂದಿಲ್ಲ.”

ತನುಜಾ ಫೋನಿನ ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಮೇಲಿನಿಂದ ತೆಗೆದ ಚಿತ್ರದಲ್ಲಿ ಗಾಳಿ ಕಾಣುವುದಿಲ್ಲ. ಅಷ್ಟೇ ಅಲ್ಲ, ಗಾಳಿ ಬರಲೆಂದೇ ಅಜ್ಜ ಚೊಕ್ಕ ಮಾಡಿದ ಜಾಗ ಅವರಿಗೆ ಚೊಕ್ಕ ಕಂಡಿತ್ತು.

“ಗಾಳಿ ಬ್ಯಾಡ ಅಂದ್ರ ನಿಮ್ಮಪ್ಪನ ಕಣಕ್ಕ ಹೋಗ್ರಿ,” ಎಂದಳು ವೀರವ್ವ, ಬಿದ್ದ ಕಾಯಿ ಆರಿಸುತ್ತ. ಚೇಷ್ಟೆಗೇ ಅಂದಿದ್ದಳು. ಆದರೆ ಮಗಳು ನಗದೆ ತನ್ನನ್ನೇ ನೋಡುತ್ತಿದ್ದುದನ್ನು ಕಂಡು ಅವಳ ಕೈಯೂ ನಿಂತಿತು.

ಅಪ್ಪನ ಕಣ. ಊರಿನಲ್ಲಿ ಈಗಲೂ ಬಸ್ಸು ತಡವಾದರೆ, ಲಗ್ನದ ಮಾತು ಮುಂದೆ ಸಾಗದಿದ್ದರೆ, ‘ಕುಬೇರಪ್ಪನ ಕಣಾ ಆತು’ ಅನ್ನುವ ಹಳಬರಿದ್ದರು.

ತನುಜಾಳಿಗೆ ಆಗ ಎಂಟು ವರ್ಷ. ಅಪ್ಪ ಕುಬೇರಪ್ಪನಿಗೂ ಅವನ ತಮ್ಮ ಗುತ್ತೆಪ್ಪನಿಗೂ ಹೊಲ ಪಾಲಾಯಿತು. ಹಳೆಯ ಕಣ ತಮ್ಮನ ಪಾಲಿಗೆ ಹೋಯಿತು. ‘ರಾಶಿ ಇಲ್ಲೇ ಮಾಡಣ್ಣ’ ಎಂದು ಗುತ್ತೆಪ್ಪ ಕರೆದನಂತೆ. ಕರೆದ ರೀತಿ ಸರಿಯಿರಲಿಲ್ಲವೆಂದು ಅಪ್ಪ ಸಿಟ್ಟಾಗಿ, ಮೂಡಲ ದಿಕ್ಕಿಗೆ ಕಲ್ಲುಮರಡಿಯ ಬುಡದ ತಗ್ಗಿನಲ್ಲಿ ತನ್ನದೇ ಕಣ ಮಾಡಿದ. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ, ನಡುವೆ ಮೇಟಿಗಂಬ ನೆಟ್ಟ. ಎತ್ತು ಕಟ್ಟಿ ಹಂತಿ ಹೊಡೆದ. ಎರಡೇ ದಿನದಲ್ಲಿ ಜೋಳ ತುಳಿದು ಮುಗಿಯಿತು. ಇನ್ನು ಗಾಳಿಗೆ ತೂರಿ ಹೊಟ್ಟು ಬೇರೆ ಮಾಡಬೇಕು. ಗಾಳಿ ಬರಲಿಲ್ಲ.

ಸುಗ್ಗಿಯ ಕಾಲದ ಮೂಡಗಾಳಿ ಮರಡಿಯ ತಲೆಯ ಮೇಲಿಂದ ಹಾದು, ತಗ್ಗನ್ನು ಬಿಟ್ಟು, ನೇರವಾಗಿ ಗುತ್ತೆಪ್ಪನ ಕಣದಲ್ಲಿ ಹೋಗಿ ಇಳಿಯುತ್ತಿತ್ತು. ಅವ್ವ ಮೂರುಕಾಲಿನ ಮೆಟ್ಟಿನ ಮೇಲೆ ಬುಟ್ಟಿ ಹಿಡಿದು ನಿಂತೇ ಇರುತ್ತಿದ್ದಳು. ‘ಪಾಲ ಆಗೂಮುಂದ ಹೊಲಾ ಅಣ್ಣಗ, ಗಾಳಿ ತಮ್ಮಗ,’ ಎಂದು ದಾರಿಯಲ್ಲಿ ಹೋಗುವವರು ಆಡಿಕೊಂಡರು. ‘ಹೊಲದ ಉತಾರ ತಗದು ನೋಡೋ ಕುಬೇರಪ್ಪ, ಗಾಳಿ ನಿನ್ನ ಹೆಸರಿಗೆ ಏರೇತೋ ಇಲ್ಲೋ.’

ತನುಜಾಳಿಗೆ ಆ ದಿನಗಳು ಹಬ್ಬದಂತಿದ್ದವು. ಶಾಲೆ ಬಿಟ್ಟೊಡನೆ ಕಣಕ್ಕೆ ಓಡುವುದು, ರೊಟ್ಟಿ ಶೇಂಗಾಹಿಂಡಿ ತಿಂದು ಜೋಳದ ಗುಡ್ಡೆಗೆ ಒರಗಿ ಕೂರುವುದು. ಅಪ್ಪ ಒಂದು ಸಗಣಿ ಕುಳ್ಳಿಗೆ ಕಿಚ್ಚು ಇಟ್ಟು ಹೊಗೆ ತೋರಿಸುತ್ತಿದ್ದ. ಹೊಗೆ ಮರಡಿಯ ತುದಿಯವರೆಗೆ ದಾರ ಹಿಡಿದಂತೆ ನೆಟ್ಟಗೆ ಏರಿ, ಅಲ್ಲಿ ತಟ್ಟನೆ ಪಡುವಣಕ್ಕೆ ಬಾಗುತ್ತಿತ್ತು. “ನೋಡು ತಂಗೀ, ಗಾಳಿ ಐತಿ. ನಮ್ಮ ಮನೀಗಷ್ಟ ಬರವಲ್ದು,” ಅನ್ನುವನು. ನಗುತ್ತಲೇ ಅನ್ನುವನು. ಮೇಟಿಗಂಬಕ್ಕೆ ಅವ್ವನ ಹಳೇ ಸೀರೆಯ ಅಂಚು ಕಟ್ಟಿ, ಅದು ಅಲುಗಿದರೆ ಕೂಗಬೇಕೆಂದು ಅವಳನ್ನು ಕಾವಲಿಗೆ ಕೂರಿಸಿದ್ದ.

ಆರನೆಯ ದಿನ ಅಪ್ಪನ ಮುಖ ನೋಡಲಾರದೆ ಅವಳು, ಅಂಚು ಅಲುಗದಿದ್ದರೂ, ‘ಗಾಳಿ ಬಂತು’ ಎಂದು ಕೂಗಿದಳು. ಅವ್ವ ನಂಬಿ ಬುಟ್ಟಿ ಎತ್ತಿ ಸುರುವಿದಳು. ಕಾಳು, ಹೊಟ್ಟು, ದೂಳು ಎಲ್ಲ ಕೂಡಿ ಸೀದಾ ಕೆಳಗೆ ನಿಂತ ಅಪ್ಪನ ತಲೆಯ ಮೇಲೆ ಬಿತ್ತು. ಆಚೆ ದಿಬ್ಬದಿಂದ ಗುತ್ತೆಪ್ಪನ ಮಂದಿ ನಕ್ಕದ್ದು ಇಲ್ಲಿಯವರೆಗೂ ಕೇಳಿತು. ಅಪ್ಪ ಬೈಯಲಿಲ್ಲ. ಕಣ್ಣು ಒರೆಸಿಕೊಂಡು, “ಕಂಡದ್ದನ್ನ ಹೇಳಬೇಕವಾ, ನನಗ ಬೇಕಾದ್ದನ್ನಲ್ಲ,” ಎಂದ. ಒಂಬತ್ತನೆಯ ದಿನ ಎಲ್ಲವನ್ನೂ ಚೀಲಕ್ಕೆ ತುಂಬಿ ಕೆರೆಯ ಏರಿಗೆ ಒಯ್ದು ತೂರಿದರು. ಇನ್ನೆರಡು ವರ್ಷ ಅಪ್ಪ ಅಲ್ಲೇ ಹಟ ಹಿಡಿದ. ಆಮೇಲೆ ಊರಿಗೆ ರಾಶಿ ಮಾಡುವ ಮಷಿನು ಬಂದು ಎರಡೂ ಕಣ ಸುಮ್ಮನಾದವು. ಅಪ್ಪ ಹೋಗಿ ಹನ್ನೊಂದು ವರ್ಷ.

ಆ ಭಾನುವಾರದ ಮಾರನೆಯ ದಿನ, ನೌಕೆಯನ್ನು ಅಪ್ಪನ ಕಣದಲ್ಲಿ ಇಳಿಸೋಣ ಎಂಬ ತನುಜಾಳ ಮಾತು ಕೇಳಿ ನರಸಿಂಹ ಸರ್ ಕನ್ನಡಕ ತೆಗೆದಿಟ್ಟರು. “ಗುಡ್ಡದ ಮರೆಗೆ ಗಾಳಿ ಸುಳಿ ತಿರಗತದ, ತನುಜಾ ಅವರ. ನೆಟ್ಟಗ ಬೀಸೋ ಗಾಳಿಗಿಂತ ಅದು ಕೆಟ್ಟದ್ದು. ಅಳದು ತೋರಸ್ರಿ, ನೋಡೋಣು.”

ಐದು ಮುಂಜಾನೆ ತನುಜಾ ಅಪ್ಪನ ಕಣದಲ್ಲಿ ಗಾಳಿ ಅಳೆಯುವ ಬಟ್ಟಲಿನ ಯಂತ್ರ ನೆಟ್ಟು ಕೂತಳು. ವಿದ್ಯಾರ್ಥಿನಿ ಸಂಪದಾ ಗುತ್ತೆಪ್ಪನ ದಿಬ್ಬದ ಮೇಲೆ ಇನ್ನೊಂದು ಯಂತ್ರ ಹಿಡಿದು ಕೂತಳು. ನೌಕೆಗೆ ತಾಳುವುದು ಸೆಕೆಂಡಿಗೆ ನಾಲ್ಕು ಮೀಟರು. ದಿಬ್ಬದ ಮೇಲೆ ಐದು, ಆರು. ತಗ್ಗಿನಲ್ಲಿ ಒಂದೂ ಇಲ್ಲ. ಆದರೆ ಎಂಟೂವರೆಯ ಸುಮಾರಿಗೆ ಒಮ್ಮಿಂದೊಮ್ಮೆಲೇ ಸುಳಿಗಾಳಿ ಎದ್ದು ಬಟ್ಟಲು ಗಿರಗಿರ ತಿರುಗುತ್ತಿತ್ತು.

“ಮತ್ತೇನಂತಿ? ಏಳತೈತಿ,” ಎಂದಳು ಜೊತೆಗೆ ಬಂದಿದ್ದ ವೀರವ್ವ. “ಬೆಳಗಿನಾಗ ಮರಡಿ ನೆರಳು ಕಣದ ತುಂಬ ಬಿದ್ದಿರತೈತಿ. ಹೊತ್ತೇರಿದಂಗ ಹಿಂದ ಸರೀತೈತಿ. ಮೇಟಿಗಂಬ ಬಿಟ್ಟು ಸರೀತಂದ್ರ ಸುಳಿ ಏಳತೈತಿ. ಆ ಸುಳ್ಯಾಗ ತೂರಾಕ ಹೋಗಿ ಎಷ್ಟು ಜೋಳಾ ಕಲ್ಲಾಗ ಚೆಲ್ಲೇವಿ.”

ತನುಜಾ ತನ್ನ ಹಾಳೆ ನೋಡಿದಳು. ಐದು ದಿನವೂ ಅವ್ವನ ಲೆಕ್ಕ ಹತ್ತು ನಿಮಿಷದ ಆಚೀಚೆ ಕೂಡಿಬಂದಿತ್ತು.

ಪರೀಕ್ಷೆಯ ದಿನ ಎಲ್ಲರೂ ನಸುಕಿನಲ್ಲೇ ಬಂದರು. ಕಣದ ಅಂಚಿನಲ್ಲಿ ವೀರವ್ವ ಅಡ್ಡ ನಿಂತಿದ್ದಳು. “ಕಾಲಾಗಿಂದು ಬಿಟ್ಟು ಬರ್ರಿ. ಕಣಾ ಇದು.”

“ಅಜ್ಜಿ, ಇವು ಸೇಫ್ಟಿ ಬೂಟು,” ಎಂದಳು ಸಂಪದಾ.

“ಯಾವ ಬೂಟಾದ್ರೂ ಬೂಟ ಅಲ್ಲೇನ?”

ನರಸಿಂಹ ಸರ್ ಮೊದಲು ಬಿಚ್ಚಿದರು. ಅವರ ಎಡಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಹುಡುಗರು ಬೇರೆ ಕಡೆ ನೋಡಿದರು.

ಬಲೂನಿನ ಕೊಳವೆ ಸೋರಿ ಒಂದು ತಾಸು ಹೋಯಿತು. ಮರಡಿಯ ಬುಡದಿಂದ ಬಲೂನು ಮೇಲೇರಿ ನಿಲ್ಲುವ ಹೊತ್ತಿಗೆ ನೆರಳು ಹಿಂದೆ ಸರಿಯುತ್ತ ಮೇಟಿಗಂಬದ ಮೋಟಿಗೆ ನಾಲ್ಕು ಮೊಳ ದೂರದಲ್ಲಿತ್ತು. ಅಲ್ಲಿ ವೀರವ್ವ ಯಾವಾಗಲೋ ಒಂದು ಸೀರೆಯ ಅಂಚು ಕಟ್ಟಿದ್ದಳು.

“ಮೇಡಂ, ಫೋನಿನಾಗ ಗಾಳಿ ಐದು ತೋರಸಾಕತ್ತೈತ್ರಿ,” ಎಂದ ಒಬ್ಬ. “ನಾಳೆ ಮಾಡೂಣೇನ್ರಿ?”

“ಗ್ಯಾಸು ನಾಳಿಗೆ ಉಳಿಯೂದಿಲ್ಲ,” ಎಂದರು ನರಸಿಂಹ ಸರ್. ಆಮೇಲೆ ಮೆಲ್ಲಗೆ, “ನೀವು ಬ್ಯಾಡ ಅಂದ್ರ ಬ್ಯಾಡ. ಏನಂತೀರಿ?”

ಎಲ್ಲರ ಮುಖವೂ ಅವಳ ಕಡೆಗಿತ್ತು. ಸವಣೂರಿನಲ್ಲಿ ಅವಳು ಆ ಮುಖಗಳನ್ನು ನೋಡಿದ್ದಳು. ಈ ಸಲ ಅವರಿಗೆ ಬೆನ್ನು ಮಾಡಿ ಮೇಟಿಯ ಮೋಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅಂಚಿನಲ್ಲಿ ಒಂದು ಬಿಡಿ ಎಳೆ ಹೊರಗೆ ಬಂದಿತ್ತು. ಅದು ಗಾಳಿಗೆ ಅಲುಗುತ್ತದೆಯೋ, ತನ್ನ ಉಸಿರಿಗೆ ಅಲುಗುತ್ತದೆಯೋ ತಿಳಿಯದೆ ಉಸಿರು ಬಿಗಿಹಿಡಿದಳು. ಎಳೆ ಜೋತುಬಿದ್ದೇ ಇತ್ತು. ನೆರಳು ಮೂರು ಮೊಳ. ಯಂತ್ರ ನೋಡಿದಳು. ಒಂದಕ್ಕಿಂತ ಕಡಿಮೆ. ಮತ್ತೆ ಎಳೆ ನೋಡಿದಳು. ಬೇಕಾದದ್ದಲ್ಲ, ಕಂಡದ್ದು.

“ಬಿಡ್ರಿ,” ಎಂದಳು.

ಮೇಲೆ ಕೊಂಡಿ ಕಳಚಿತು. ಕಿತ್ತಳೆ ಬಣ್ಣದ ಪ್ಯಾರಾಶೂಟ್ ಬಿಚ್ಚಿಕೊಂಡು, ಮೂಡಗಾಳಿಗೆ ಸಿಕ್ಕು ಪಡುವಣಕ್ಕೆ ಜಾರತೊಡಗಿತು. ಅದನ್ನು ಲೆಕ್ಕ ಹಾಕಿಯೇ ಬಲೂನನ್ನು ಮರಡಿಯ ಬುಡಕ್ಕೆ ಕಟ್ಟಿದ್ದರು. ಆದರೂ ಸಂಪದಾ ತನುಜಾಳ ತೋಳು ಹಿಡಿದಳು. ಅಷ್ಟರಲ್ಲಿ ನೌಕೆ ಮರಡಿಯ ತುದಿಯ ಮಟ್ಟಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ, ಯಾರೋ ಹಗ್ಗ ಹಿಡಿದು ಬಾವಿಗೆ ಕೊಡ ಬಿಟ್ಟಂತೆ ಸೀದಾ ಬಂತು. ಅಪ್ಪನ ಕುಳ್ಳಿನ ಹೊಗೆ ಹೋಗುತ್ತಿದ್ದ ದಾರಿಯಲ್ಲೇ ಹಿಂದಕ್ಕೆ ಬಂತು ಅದು. ಮೇಟಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಮೆತ್ತಗೆ ಕೂತಿತು. ಪ್ಯಾರಾಶೂಟ್ ಅದರ ಮೇಲೆಯೇ ಮಡಚಿ ಬಿತ್ತು. ಹಸಿರು ದೀಪ ಬಟ್ಟೆಯೊಳಗಿಂದ ಮಿಣಕುತ್ತಿತ್ತು.

ನರಸಿಂಹ ಸರ್ ಕಾಲುಚೀಲದಲ್ಲೇ ನಾಲ್ಕು ಹೆಜ್ಜೆ ಓಡಿ, ಇದು ಕಣವೆಂದು ನೆನಪಾಗಿ ನಡೆಯತೊಡಗಿದರು.

ಹುಡುಗರು ಇನ್ನೂ ಪ್ಯಾರಾಶೂಟ್ ಸುತ್ತುತ್ತಿದ್ದಾಗ ನೆರಳು ಮೇಟಿಯನ್ನು ಬಿಟ್ಟು ಸರಿಯಿತು. ಎಲ್ಲಿತ್ತೋ, ಒಂದು ಸುಳಿ ದೂಳೆಬ್ಬಿಸಿಕೊಂಡು ಬಂದು ಬಟ್ಟೆಗೆ ಹೊಕ್ಕಿತು. ಮೂವರು ಅದರ ಮೇಲೆ ಬಿದ್ದು ಕೂತರು. ವೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ತನುಜಾ ಹಾಳೆ ತೆಗೆದಳು. ಮೇಲುಗಡೆ ‘ಜಾಗದ ಹೆಸರು’ ಎಂಬ ಖಾಲಿ ಗೆರೆಯಿತ್ತು. ಕುಬೇರಪ್ಪನ ಕಣ ಎಂದು ಬರೆದು, ಒಮ್ಮೆ ಓದಿ ನೋಡಿ, ಸಮಯ ತುಂಬಿಸಿದಳು.

ಆಗ ಕಣದ ಅಂಚಿನಲ್ಲಿ ಗುತ್ತೆಪ್ಪ ನಿಂತಿದ್ದುದು ಕಂಡಿತು. ಎಂಬತ್ತರ ಹತ್ತಿರದ ಮುದುಕ, ಕೈಯಲ್ಲಿ ಕೋಲು. ಪಾಲಾದ ಮೇಲೆ ಅವನು ಈ ತಗ್ಗಿಗೆ ಕಾಲಿಟ್ಟದ್ದನ್ನು ಅವಳು ನೋಡಿರಲಿಲ್ಲ.

“ನನ್ನ ಕಣಾ ಬಿಟ್ಟು ಇಲ್ಲಿಗೆ ಯಾಕ ಬಂದ್ರಂತ ನೋಡಾಕ ಬಂದೆ,” ಎಂದ.

“ಚಪ್ಪಲಿ ಬಿಟ್ಟು ಒಳಗ ಬಾರಪ್ಪಾ,” ಎಂದಳು ವೀರವ್ವ.

“ರಾಶಿ ಕಾಣದ್ದಕ್ಕ ಕಣಾ ಅಂತಾರೇನು ಅತ್ತಿಗೆಮ್ಮಾ?”

ವೀರವ್ವ ಅವನ ಚಪ್ಪಲಿಯತ್ತ ಬೆರಳು ತೋರಿಸಿದಳು. ಗುತ್ತೆಪ್ಪ ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ನೆಲ ಕೆದರಿದ. ಆಮೇಲೆ ಒಂದೊಂದೇ ಚಪ್ಪಲಿ ಬಿಟ್ಟು, ಕಲ್ಲು ನೋಡಿಕೊಂಡು ನಡೆದು ಬಂದು, ನೌಕೆಯ ಬೆನ್ನನ್ನು ಎತ್ತಿನ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿದ.

“ಇದಕ್ಕೂ ಗಾಳಿ ಆಗಿ ಬರೂದಿಲ್ಲೇನು?” ಎಂದ. “ನಮ್ಮ ಅಣ್ಣನಂಗ.”