ಕಾಯುವ ಮನೆ ನಡೆದು ಬಂದದ್ದು

“ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಜೀಪು ಇಲ್ಲೇ, ಈಗಲೇ, ಅಲ್ಪಾಕ ಆಗಿ ಹುಲ್ಲು ಮೇಯ್ಲಿ,” ಅಂದ ಮೆಲಿತೋನ್.

ಹಿಲಾರಿಯಾ ಉಣ್ಣೆ ನೂಲುವ ಕದಿರು ತಿರುಗಿಸುವುದನ್ನು ನಿಲ್ಲಿಸದೆ ಜೀಪಿನ ಕಡೆ ನೋಡಿದಳು. ಮಂಜಿನಲ್ಲಿ ಅದರ ಚಕ್ರಗಳು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಮೈತುಂಬ ಉಣ್ಣೆಯ ಅಲ್ಪಾಕಗಳ ಕಾಲುಗಳೂ ಕಾಣುತ್ತಿರಲಿಲ್ಲ. ಎಲ್ಲವೂ ಒಂದೇ ಎತ್ತರದಲ್ಲಿ, ಒಂದೇ ಸಮಾಧಾನದಲ್ಲಿ ತೇಲುತ್ತಿದ್ದವು. ಹಾಗಾಗಿ ಅದು ಇನ್ನೂ ಜೀಪೋ, ಆಗಲೇ ಅಲ್ಪಾಕವೋ ಹೇಳುವುದು ಕಷ್ಟವಿತ್ತು.

ಮೆಲಿತೋನ್ ಸರ್ಕಾರಿ ಆಸ್ಪತ್ರೆಯ ಡ್ರೈವರು. ಆಸ್ಪತ್ರೆಗೆ ಅಂಟಿಕೊಂಡೇ ಸರ್ಕಾರ ಒಂದು ‘ಕಾಯುವ ಮನೆ’ ಕಟ್ಟಿಸಿತ್ತು. ಬೆಟ್ಟದ ಮೇಲಿನ ಬಸುರಿಯರು ದಿನ ತುಂಬುವ ಮುಂಚೆಯೇ ಇಳಿದು ಬಂದು ಅಲ್ಲಿ ಉಳಿಯಬೇಕು, ನೋವು ಬಂದಾಗ ಡಾಕ್ಟರು ಗೋಡೆಯಾಚೆಗೇ ಇರುತ್ತಾರೆ. ಅವರನ್ನು ಒಪ್ಪಿಸಿ ಕರೆತರುವುದು ಮೆಲಿತೋನನ ಕೆಲಸ. ಒಪ್ಪಿಸಲು ಅವನ ಬಳಿ ಇದ್ದದ್ದು ಬಾಯಿ ಒಂದೇ.

ಹಿಲಾರಿಯಾಳ ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿತ್ತು. ಹೋದ ತಿಂಗಳು ಮೇಲೆ ಬಂದಿದ್ದ ನರ್ಸ್ ಮುಟ್ಟಿ ನೋಡಿ, ಇಲ್ಲೇ ಹೆತ್ತರೆ ಇಬ್ಬರೂ ಉಳಿಯುವುದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿ ಹೋಗಿದ್ದಳು. ಹಿಲಾರಿಯಾಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ಏಳಲಿಲ್ಲ. ಯಾಕೆಂದರೆ ಮೊದಲ ಹೆರಿಗೆ ದೂರದ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಾಗಿತ್ತು. ಜೀವ ಉಳಿಸಿದ್ದರು, ಸರಿ. ಮಗುವಿನ ಹಿಂದೆ ಬಿದ್ದ ಮಾಸನ್ನು ಮಾತ್ರ ಬಕೆಟ್ಟಿಗೆ ಹಾಕಿ ಎಲ್ಲಿಗೋ ಒಯ್ದುಬಿಟ್ಟಿದ್ದರು. ಮನೆಯ ಒಲೆಯ ಬುಡದಲ್ಲಿ ಹೂಳಬೇಕಾದದ್ದು ಎಲ್ಲೋ ಹೋದ ಮೇಲೆ ಮಗುವಿನ ಜೀವಕ್ಕೆ ಮನೆ ಯಾವುದು ಅಂತ ಹೇಗೆ ತಿಳಿಯಬೇಕು? ಮಗಳು ವಾಯ್ತಾ ನಡೆಯಲು ಕಲಿತ ದಿನದಿಂದ ಕಣ್ಣು ತಪ್ಪಿದರೆ ಸಾಕು, ಪಟ್ಟಣದ ದಾರಿ ಹಿಡಿದು ಇಳಿಯುತ್ತಿದ್ದಳು. ಈಗಲೂ ಅವಳ ಸೊಂಟಕ್ಕೆ ನೇಯ್ದ ಪಟ್ಟಿ ಬಿಗಿದು ದೊಡ್ಡಿಯ ಕಲ್ಲಿಗೆ ಕಟ್ಟಿತ್ತು. ಪಟ್ಟಿಯ ತುದಿಯಲ್ಲಿ ನಿಂತು ಮಗು ಕೆಳಗಿನ ಮೋಡವನ್ನು ನೋಡುತ್ತಿತ್ತು.

“ಹೇಳು, ಹೇಳು. ನಮಗೂ ತುಳಿಯೋಕೆ ಒಂದು ತಾಳ ಬೇಕು,” ಅಂದಳು ಅತ್ತೆ ಸಾತುಕಾ. ರಾತ್ರಿಯಿಡೀ ಹಿಮ ಕುಡಿದ ಆಲೂಗಡ್ಡೆಗಳನ್ನು ಒಣಗಿಸಿಡಲೆಂದು ಅವಳು ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಿದ್ದಳು. “ಹೋದ ಸಲ ಜೀಪಿಗೆ ಜೋಳದ ಹೆಂಡ ಹುಯ್ದು ಓಡಿಸ್ದೆ ಅಂದಿದ್ದ, ಮುಂಡೇದು.”

“ಓಡ್ತು ಅವ್ವಾ. ಓಡ್ತಾ ಓಡ್ತಾ ಹಾಡ್ತಿತ್ತು ಅಷ್ಟೆ.” ಮೆಲಿತೋನನ ಮುಖದ ಒಂದು ಗೆರೆಯೂ ಅಲುಗಲಿಲ್ಲ. “ಈ ಕಾಯೋ ಮನೆ ವಿಷಯ ಕೇಳಿ. ಮೊದ್ಲು ಸರ್ಕಾರದೋರು ಬಿಳಿ ಗೋಡೆ, ತಗಡು, ಕಬ್ಬಿಣದ ಮಂಚ ಹಾಕಿದ್ರು. ಎಂಥಾ ಚಳಿ ಅಂತೀರಿ! ಕೆಟಲು ಒಲೆ ಬಿಟ್ಟು ಬಂದು ಬಸುರಿ ಮಗ್ಗುಲಲ್ಲಿ ಮಲಗ್ತಿತ್ತು. ಒಬ್ಬಳೂ ಬರಲಿಲ್ಲ. ಖಾಲಿ ಮನೆಗೆ ಬೇಜಾರು ಹಿಡೀತು. ಒಂದಿನ ಬೆಳಗ್ಗೆ ಇಂಥದ್ದೇ ಮಂಜು ನೋಡಿ, ಪಾಯ ಕಿತ್ಕೊಂಡು ಬೆಟ್ಟ ಹತ್ತಿಬಿಡ್ತು.”

“ಮನೆ?” ಅಂದಳು ಸಾತುಕಾ.

“ಮನೆ. ಒಬ್ಬೊಬ್ಬ ಬಸುರಿ ಬಾಗಿಲ ಮುಂದೂ ನಿಂತು ಕದ ಅರ್ಧ ತೆಗೆದು ನೋಡೋದು. ಒಳಗೆ ಕರೆಯೋಕೂ ನಾಚಿಕೆ ಅದಕ್ಕೆ. ಹೆಂಗಸರು ಕುರಿ ದೊಡ್ಡಿ ಅಂದ್ಕೊಂಡು ಒಂದು ಹಿಡಿ ಹುಲ್ಲು ಹಾಕಿ ಕಳಿಸ್ತಿದ್ರು. ಕೊನೆಗೆ ನಾನೇ ಹಗ್ಗ ಕಟ್ಟಿ ಜೀಪಲ್ಲಿ ಎಳ್ಕೊಂಡು ಹೋದೆ. ಮೇಕೆ ಥರ ಕಾಲೂರ್ತಾ ಬಂತು.”

ಹಿಲಾರಿಯಾಳಿಗೆ ನಗು ಬಂತು. ಹೊಟ್ಟೆಯಲ್ಲಿದ್ದದ್ದು ಒಂದು ಸಲ ಒದೆಯಿತು. ಮಂಜಿನೊಳಗೆ ಒಂದು ಬಿಳಿ ಮನೆ ತಲೆ ತಗ್ಗಿಸಿ ಹೋಗುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಹೋಗುವಾಗ ಅದು ಒಮ್ಮೆ ತಿರುಗಿ ನೋಡಿತು ಕೂಡ.

“ಅದನ್ನ ನೋಡಿ ಸರ್ಕಾರಕ್ಕೂ ಅಯ್ಯೋ ಅನಿಸ್ತು. ಈಗ ಮಣ್ಣಿನ ನೆಲ, ಒಲೆ, ಕುರಿ ಚರ್ಮ. ಕೂತು ಹೆರೋರಿಗೆ ಹಿಡ್ಕೊಳ್ಳೋಕೆ ತೊಲೆಯಿಂದ ಹಗ್ಗ. ಮನೆ ಈಗ ಎಲ್ಲಿಗೂ ಹೋಗಲ್ಲ.”

“ಚೆನ್ನಾಗಿದೆ,” ಅಂದಳು ಹಿಲಾರಿಯಾ. ಎಳೆ ಸುತ್ತಿದಳು. “ಮಾಸು?”

“ಏನು ಮಾಸು?”

“ಅದನ್ನೇನು ಮಾಡ್ತಾರೆ?”

“ಕೊಡ್ತಾರೆ. ಗಂಡನ ಕೈಗೇ ಕೊಡ್ತಾರೆ.”

“ಇದಕ್ಕೂ ಜೀಪಿನ ಮೇಲೇ ಆಣೆನಾ?” ಸಾತುಕಾ ಕಾಲು ಒರೆಸಿಕೊಂಡಳು. “ಮನೆ ನಡೀತು ಅಂದೋನು ನೀನು. ನಿನ್ನ ನಂಬಿ ಹೊಟ್ಟೇಲಿರೋ ಈ ಮಗೂನೂ ಕಲ್ಲಿಗೆ ಕಟ್ಟಬೇಕಾ ನನ್ನ ಸೊಸೆ?”

ಮೆಲಿತೋನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಸುಳ್ಳು ಹೇಳಿ ಅಭ್ಯಾಸವಾದ ಬಾಯಿಗೆ ನಿಜ ಸಿಕ್ಕಿಹಾಕಿಕೊಂಡಂತಿತ್ತು.

“ಕೊಡ್ತಾರೆ ಅವ್ವಾ, ನಿಜವಾಗ್ಲೂ. ಕೊಟ್ಟೇ ಆ ಕ್ರಿಸೋಲೋಗೂ ಎವರಿಸ್ತೋಗೂ ಅಷ್ಟೊಂದು ರಾದ್ಧಾಂತ…” ಅಂದವನು ನಾಲಿಗೆ ಕಚ್ಚಿಕೊಂಡ.

ಕದಿರು ನಿಂತಿತು. “ಏನು ರಾದ್ಧಾಂತ?”

“ಏನಿಲ್ಲ. ಯಾರಿಗೂ ಹೇಳಬೇಡ ಅಂದಿದಾಳೆ ನರ್ಸು. ಕೇಳಿದ್ರೆ ಇದ್ದ ಬಸುರಿಯರೂ ಓಡ್ತಾರಂತೆ.”

“ಹೇಳು ಮೆಲಿತೋನ್.”

“ಇಬ್ಬರ ಹೆಂಡ್ತೀರೂ ಒಂದೇ ದಿನ ಹೆತ್ರು. ಗಂಡಸರು ಇಬ್ಬರೂ ಮಾಸು ಕಟ್ಟಿದ ಕೆಂಪು ಬಟ್ಟೆ ಗಂಟು ಕಂಕುಳಲ್ಲಿ ಇಟ್ಕೊಂಡು ನನ್ನ ಜೀಪು ಹತ್ತಿದ್ರು. ಖುಷಿಗೆ ದಾರೀಲಿ ಒಂದೊಂದು ಬಟ್ಟಲು ಏರಿಸಿದ್ರು. ಇಳಿಯುವಾಗ ಇವನ ಗಂಟು ಅವನು, ಅವನ ಗಂಟು ಇವನು. ಹೂತೂ ಆಯ್ತು.” ಮೆಲಿತೋನ್ ನಿಟ್ಟುಸಿರು ಬಿಟ್ಟ. “ಈಗ ಕ್ರಿಸೋಲೋನ ಮಗ ಊಟದ ಹೊತ್ತಿಗೆ ಗುಡ್ಡ ದಾಟಿ ಎವರಿಸ್ತೋನ ಒಲೆ ಹತ್ರ ಬಂದು ಕೂರ್ತಾನೆ. ಎವರಿಸ್ತೋನ ಮಗಳು ಆ ಕಡೆಗೆ. ನಡುವೆ ದಿಬ್ಬದ ಮೇಲೆ ಎದುರಾದ್ರೆ ಇಬ್ಬರೂ ತಹಶೀಲ್ದಾರರ ಥರ ತಲೆ ಆಡಿಸ್ಕೊಂಡು ಮುಂದೆ ಹೋಗ್ತಾರೆ. ಅಗೆದು ಬದಲಾಯಿಸೋಣ ಅಂದ್ರೆ ಊರಿನೋರು ಬೇಡ ಅಂದ್ರು, ಹಬ್ಬದೂಟದ ಗಿನಿ ಇಲಿ ಕೊಟ್ಟು ತಗೊಂಡು ಬೀಗರಾಗಿ ಅಂದ್ರು. ಅವತ್ತಿಂದ ನರ್ಸು ಕಟ್ಟಳೆ ಮಾಡಿದಾಳೆ, ಗುರುತಿಗೆ ಗಂಟು ಕಟ್ಟೋಕೆ ತಾಯಿ ತಾನೇ ನೂತ ದಾರ ತರಬೇಕು ಅಂತ. ಇದನ್ನ ನಾನು ಹೇಳ್ದೆ ಅಂತ ಮಾತ್ರ…”

ಹಿಲಾರಿಯಾ ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡಿದಳು. ಕೊಡದೇ ಇದ್ದದ್ದು ಅದಲುಬದಲಾಗುವುದಿಲ್ಲ. ಬಕೆಟ್ಟಿಗೆ ಹೋದದ್ದಕ್ಕೆ ಯಾರೂ ಬೀಗರಾಗುವುದಿಲ್ಲ. ಅವಳು ಅತ್ತೆಯ ಮುಖ ನೋಡಿದಳು. ಸಾತುಕಾ, ಒಲೆಯ ಬುಡದ ಮಣ್ಣು ಈ ಸಲ ಎಷ್ಟು ಗಟ್ಟಿಯಾಗಿದೆಯೋ ಅಂತ ನೆನಪಿಸಿಕೊಳ್ಳುವವಳಂತೆ ಗುಡಿಸಲ ಕಡೆ ನೋಡಿದಳು.

ಮೆಲಿತೋನನಿಗೆ ಕೆಲಸ ಕೆಟ್ಟಿತು ಅನಿಸಿತು. ಕೆಟ್ಟದ್ದನ್ನು ರಿಪೇರಿ ಮಾಡಲು ಅವನು ಅವಸರದಲ್ಲಿ ಹೊಸದೊಂದಕ್ಕೆ ಕೈ ಹಾಕಿದ. “ಅದು ಬಿಡಿ ತಾಯಿ, ಆ ಮನೆ ಮೇಲೆ ಹೋದ ವಾರ ಒಂದು ಮೋಡ ಬಂದು ಕೂತಿತ್ತು, ಬಸುರಿ ಮೋಡ, ದೇವರಾಣೆ…”

ಹಿಲಾರಿಯಾ ಎದ್ದಳು. ದಾರದ ಉಂಡೆಯನ್ನು ಮಡಿಲಿಗೆ ಸೇರಿಸಿ, ಕಲ್ಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದಳು. ವಾಯ್ತಾ ಬಿಟ್ಟ ಬಾಣದಂತೆ ಇಳಿಜಾರಿಗೆ ಓಡಿ ಜೀಪಿನ ಮುಂದಿನ ಸೀಟು ಹತ್ತಿದಳು. ತಾಯಿ ಸೊಂಟ ಹಿಡಿದುಕೊಂಡು, ಹಿಂದೆ ನೋಡದೆ, ಮಂಜಿನಲ್ಲಿ ತೇಲುತ್ತಿದ್ದ ಅದರ ಕಡೆಗೆ ನಡೆದಳು.

“…ಇಳಿಯೇ ಅಂದ್ರೆ ಇಳೀಲಿಲ್ಲ, ನೋವು ಬೇರೆ ಶುರುವಾಗಿದೆ ಅದಕ್ಕೆ, ಆಗ ನರ್ಸು ಏಣಿ ಹಾಕ್ಕೊಂಡು, ಕೈಲಿ ಹಗ್ಗ ಹಿಡ್ಕೊಂಡು ಮೇಲೆ ಹತ್ತಿ ಆ ಮೋಡದ ಕಿವೀಲಿ…” ಮೆಲಿತೋನ್ ಹೇಳುತ್ತಲೇ ಅವಳ ಹಿಂದೆ ಜೀಪಿನ ಕಡೆ ಓಡಿದ.